ಇಪ್ಪತ್ತನೇ ತಾರೀಖಿನ ತಪ್ಪು ಮೂರನೇ ತಾರೀಖಿಗೇ ಶುರುವಾಗಿರುತ್ತದೆ

ಪ್ರಶ್ನೆ: ನನಗೆ 27 ವರ್ಷ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಬಿ.ಕಾಂ. ಮುಗಿಸಿ ಐದು ವರ್ಷದಿಂದ ಇಲ್ಲೇ ಇದ್ದೇನೆ. 38 ಪಾರ್ಟಿಗಳ ಜಿಎಸ್‌ಟಿ ನೋಡಿಕೊಳ್ಳುತ್ತೇನೆ. 26 ಜನರದ್ದು ಪ್ರತಿ ತಿಂಗಳು, ಉಳಿದವರದ್ದು ಮೂರು ತಿಂಗಳಿಗೊಮ್ಮೆ. ಆಫೀಸು 10ಕ್ಕೆ, ನಾನು ತಲುಪುವುದು ದಿನಾ 10.20ಕ್ಕೆ. ಚಿಗರಿ ಬಸ್ಸಿನಲ್ಲಿ ಬರೀ 45 ನಿಮಿಷ, ಆದರೂ ಲೇಟು. ರಿಟರ್ನ್‌ಗಳೂ ಹಾಗೇ, ಎಲ್ಲ ಕೊನೇ ದಿನಕ್ಕೆ. ಕಳೆದ ತಿಂಗಳು ಮೂರು ಪಾರ್ಟಿಗಳ 3ಬಿ (ತಿಂಗಳ ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್) 20ರ ಬದಲು 23ಕ್ಕೆ ಹೋಯಿತು. ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಬಿಲ್ ಕೇಳಿದರೆ ರೇಗುತ್ತಾರೆ, ಅವರಿಗೆ ಫೋನ್ ಮಾಡುವುದನ್ನು ಮುಂದೆ ಹಾಕುತ್ತಾ ಬಂದಿದ್ದೆ. ಸರ್ ಎಲ್ಲರ ಮುಂದೆ ಬೈದರು. "ಮೊದಲೇ ಯಾಕೆ ಹೇಳಲಿಲ್ಲ" ಅಂದರು, ನನ್ನ ಬಾಯಿಂದ ಮಾತೇ ಬರಲಿಲ್ಲ. ಅಲಾರಂ, ಡೈರಿ, ಮೊಬೈಲ್ ಆ್ಯಪ್ ಎಲ್ಲ ಆಯಿತು. ಎರಡು ವಾರ ಸರಿ ಇರುತ್ತೇನೆ, ಆಮೇಲೆ ಮತ್ತೆ ಅದೇ. ಸೋಮಾರಿ ಅಂತ ಮನೆಯಲ್ಲೂ ಅನ್ನುತ್ತಾರೆ. ನಾನು ಈ ಕೆಲಸಕ್ಕೇ ಲಾಯಕ್ಕಿಲ್ವಾ ಮೇಡಂ?

ಉತ್ತರ: ಮೊದಲು ಆ ಕೊನೇ ಪ್ರಶ್ನೆಗೆ ಹೇಳಿಬಿಡುತ್ತೇನೆ. ಐದು ವರ್ಷ 38 ಪಾರ್ಟಿಗಳ ಲೆಕ್ಕ ನಿಭಾಯಿಸಿದವರು ಸೋಮಾರಿ ಆಗಿರಲು ಸಾಧ್ಯವಿಲ್ಲ. ನಾನು 23 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನನ್ನ ಆಫೀಸಿನಲ್ಲಿ ಎಷ್ಟೋ ಹುಡುಗ ಹುಡುಗಿಯರು ಕಲಿತು ಹೋಗಿದ್ದಾರೆ. ಸೋಮಾರಿಗಳು ಇಂಥ ಪತ್ರ ಬರೆಯುವುದಿಲ್ಲ. ಅವರಿಗೆ ಲೇಟ್ ಆದದ್ದು ಚುಚ್ಚುವುದೇ ಇಲ್ಲ. ನಿಮಗೆ ಚುಚ್ಚುತ್ತಿದೆ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಒಂದೇ ಸಾಲು. "ಮೊದಲೇ ಯಾಕೆ ಹೇಳಲಿಲ್ಲ." ನಿಮ್ಮ ಸರ್ ಕೇಳಿದ್ದು ಅದನ್ನೇ ಅಲ್ವಾ? ಯಾಕೆ ಲೇಟ್ ಆಯಿತು ಅಂತ ಅವರು ಕೇಳಲಿಲ್ಲ, ಯಾಕೆ ಹೇಳಲಿಲ್ಲ ಅಂದರು. ಇವೆರಡು ಬೇರೆ ಬೇರೆ ತಪ್ಪು. ಒಂದು, ಕೆಲಸ ತಡವಾಯಿತು. ಇನ್ನೊಂದು, ತಡವಾಗುತ್ತಿದೆ ಅನ್ನುವ ಸುದ್ದಿಯೂ ತಡವಾಯಿತು. ಮೊದಲನೆಯದನ್ನು ಸರಿ ಮಾಡಿಕೊಳ್ಳಲು ತಿಂಗಳುಗಳೇ ಬೇಕು. ಎರಡನೆಯದನ್ನು ಈ ವಾರವೇ ಸರಿ ಮಾಡಿಕೊಳ್ಳಬಹುದು. ನನ್ನ ಅನುಭವದಲ್ಲಿ ಕೆಲಸ ಕಳೆದುಕೊಂಡವರು, ನಂಬಿಕೆ ಕಳೆದುಕೊಂಡವರು ಜಾಸ್ತಿ ಬಿದ್ದಿರುವುದು ಎರಡನೆಯದರಿಂದಲೇ.

ಬೇಕಿದ್ದರೆ ದುಡ್ಡಿನ ಲೆಕ್ಕ ಹಾಕಿ ನೋಡಿ. 3ಬಿ ಮೂರು ದಿನ ತಡ. ದಿನಕ್ಕೆ 50 ರೂಪಾಯಿಯಂತೆ 150 ರೂಪಾಯಿ ಲೇಟ್ ಫೀ. ಕಟ್ಟಬೇಕಾದ ತೆರಿಗೆ 60,000 ಅಂತ ಇಟ್ಟುಕೊಂಡರೆ ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ ಮೂರು ದಿನದ ಬಡ್ಡಿ 89 ರೂಪಾಯಿ. ಎಲ್ಲ ಸೇರಿ 239. ಇಷ್ಟಕ್ಕೆ ಯಾವ ಆಡಿಟರೂ ಎಲ್ಲರ ಮುಂದೆ ಕೂಗಾಡುವುದಿಲ್ಲ. ಪಾರ್ಟಿಯಿಂದ ಫೋನ್ ಬಂದಿರಬೇಕು, ಆಗ ನಿಮ್ಮ ಸರ್ ಹತ್ತಿರ ಉತ್ತರ ಇರಲಿಲ್ಲ ನೋಡಿ, ಅದು ಅವರನ್ನು ಸುಟ್ಟಿದೆ. ತಮ್ಮ ಆಫೀಸಿನಲ್ಲೇ ಏನು ನಡೆಯುತ್ತಿದೆ ಅಂತ ಹೊರಗಿನವರಿಂದ ಗೊತ್ತಾಗುವುದು ಯಾರಿಗೂ ಸಹಿಸಲಾಗದ ವಿಷಯ. (ಎಲ್ಲರ ಮುಂದೆ ಬೈದಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಅದು ತಪ್ಪೇ. ಬಾಗಿಲು ಹಾಕಿಕೊಂಡು ಹೇಳಬಹುದಿತ್ತು.)

ಆದರೆ 3ಬಿಯಲ್ಲಿ 239 ರೂಪಾಯಿಗೆ ಮುಗಿದದ್ದು ಮಾರಾಟದ ಬಿಲ್ಲು ತೋರಿಸುವ ಜಿಎಸ್‌ಟಿಆರ್-1ರಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ, ಇದು ನಿಮಗೂ ಗೊತ್ತು. 11ನೇ ತಾರೀಖು ದಾಟಿ ಹಾಕಿದ ಬಿಲ್ಲು 14ಕ್ಕೆ ತಯಾರಾಗುವ 2ಬಿಯಲ್ಲಿ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್, ಅಂದರೆ ವಜಾ, ತೋರಿಸುವ ಪಟ್ಟಿ) ಬರುವುದಿಲ್ಲ. ಅಂದರೆ ನಿಮ್ಮ ಪಾರ್ಟಿಯಿಂದ ಮಾಲು ಕೊಂಡವರಿಗೆ ಆ ತಿಂಗಳು ಕ್ರೆಡಿಟ್ ಕಾಣುವುದಿಲ್ಲ. ಅವರು ಅಷ್ಟು ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಕಟ್ಟಿದ ಸಿಟ್ಟಿಗೆ ನಿಮ್ಮ ಪಾರ್ಟಿಗೆ ಕೊಡಬೇಕಾದ ಬಾಕಿ ತಡೆಹಿಡಿಯುತ್ತಾರೆ. ಎಲ್ಲೋ ಒಬ್ಬರು ಮುಂದೆ ಹಾಕಿದ ಒಂದು ಕೆಲಸ ಮೂರು ಅಂಗಡಿಗಳ ಗಲ್ಲಾಪೆಟ್ಟಿಗೆಗೆ ಹೋಗಿ ತಟ್ಟುತ್ತದೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ನೀವು ಮಾಡುತ್ತಿರುವ ಕೆಲಸ ಎಷ್ಟು ದೊಡ್ಡದು ಅಂತ ನಿಮಗೆ ಯಾರೂ ಹೇಳಿದಂತೆ ಕಾಣಲಿಲ್ಲ, ಅದಕ್ಕೆ ಹೇಳಿದೆ.

ಈಗ ಹಾರ್ಡ್‌ವೇರ್ ಅಂಗಡಿಗೆ ಬರೋಣ. ನಿಜವಾದ ಗಂಟು ಇರುವುದು ಅಲ್ಲೇ.

ಆ ದಿನ ಏನಾಗಿರುತ್ತದೆ ಅಂತ ನಾನು ಊಹಿಸಬಲ್ಲೆ, ತಪ್ಪಿದ್ದರೆ ತಿದ್ದಿಕೊಳ್ಳಿ. ತಿಂಗಳ 5 ಅಥವಾ 6ನೇ ತಾರೀಖು. ಫೋನ್ ಕೈಗೆ ತೆಗೆದುಕೊಂಡಿರಿ. ಅವರ ಹೆಸರು ತೆಗೆದಿರಿ. ಹೋದ ಸಲ ಅವರು "ನಿಮಗೇನ್ರೀ ಕೆಲಸ, ದಿನಾ ಬಿಲ್ ಬಿಲ್ ಅಂತೀರಿ" ಅಂದಿದ್ದು ನೆನಪಾಯಿತು. ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು. "ಊಟ ಆದಮೇಲೆ ಮಾಡಿದರಾಯ್ತು" ಅಂತ ಫೋನನ್ನು ಕೀಬೋರ್ಡಿನ ಪಕ್ಕ ಬೋರಲು ಇಟ್ಟಿರಿ. ಕೈ ಖಾಲಿ ಇರಬಾರದಲ್ಲ, ಅದಕ್ಕೆ ವ್ಯವಹಾರವೇ ಇಲ್ಲದ ಯಾರದ್ದೋ ನಿಲ್ ರಿಟರ್ನ್ ತೆಗೆದುಕೊಂಡು ಐದು ನಿಮಿಷದಲ್ಲಿ ಮುಗಿಸಿದಿರಿ. ಒಂದು ಕೆಲಸ ಆಯಿತು ಅನ್ನಿಸಿತು, ಮನಸ್ಸು ಹಗುರವಾಯಿತು. ಊಟ ಆದಮೇಲೆ ಇನ್ನೊಂದು ನಿಲ್ ರಿಟರ್ನ್.

ದಿನಪೂರ್ತಿ ನೀವು ಕೆಲಸ ಮಾಡಿದ್ದೀರಿ. ಒಂದು ನಿಮಿಷ ಸುಮ್ಮನೆ ಕೂತಿಲ್ಲ. ಆದರೆ ಮಾಡಲೇಬೇಕಿದ್ದ ಆ ಒಂದು ಫೋನ್ ಮಾಡಲಿಲ್ಲ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಟಿಮತಿ ಪಿಚಿಲ್ ಅನ್ನುವ ಮನಶ್ಶಾಸ್ತ್ರಜ್ಞರು ಕೆಲಸ ಮುಂದೂಡುವುದರ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. 2013ರಲ್ಲಿ ಫುಶಿಯಾ ಸಿರೋಯಿಸ್ ಜೊತೆ ಬರೆದ ಲೇಖನದಲ್ಲಿ ಅವರು ಹೇಳಿದ್ದು ಇದನ್ನೇ. ನಾವು ಮುಂದೂಡುವುದು ಕೆಲಸವನ್ನಲ್ಲ, ಆ ಕೆಲಸ ನೆನೆಸಿಕೊಂಡಾಗ ಆಗುವ ಸಂಕಟವನ್ನು. ಈಗಿನ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಭಾರವೆಲ್ಲ 19ನೇ ತಾರೀಖಿನ ನಿಮ್ಮ ತಲೆಗೆ ಹೋಗುತ್ತದೆ. ಅದಕ್ಕೇ ಡೈರಿ, ಆ್ಯಪ್ ಯಾವುದೂ ನಿಮಗೆ ಹಿಡಿಸಲಿಲ್ಲ. ಅವು ಫೋನ್ ಮಾಡಬೇಕು ಅಂತ ನೆನಪಿಸುತ್ತವೆ. ನೀವು ಮರೆತಿರಲೇ ಇಲ್ಲವಲ್ಲ!

ಹಾಗಾದರೆ ಏನು ಮಾಡುವುದು? ಆ ಕರೆಯನ್ನು ಮನಸ್ಸಿನ ಇಷ್ಟಕ್ಕೆ ಬಿಡಬೇಡಿ. ಜರ್ಮನಿಯ ಮನಶ್ಶಾಸ್ತ್ರಜ್ಞರಾದ ಪೀಟರ್ ಗೊಲ್‌ವಿಟ್ಸರ್ ಮತ್ತು ವೆರೋನಿಕಾ ಬ್ರಾಂಡ್‌ಸ್ಟೆಟರ್ 1997ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದರು. ಅರ್ಧ ಜನರಿಗೆ ಮಾತ್ರ, ಯಾವ ಹೊತ್ತಿಗೆ ಎಲ್ಲಿ ಕೂತು ಬರೆಯುತ್ತೀರಿ ಅಂತ ಮೊದಲೇ ಬರೆದುಕೊಡಲು ಹೇಳಿದರು. ಹಾಗೆ ಬರೆದುಕೊಟ್ಟವರಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ಜನ ಹೊತ್ತಿಗೆ ಸರಿಯಾಗಿ ಮುಗಿಸಿದರು. ಬರೆಯದವರಲ್ಲಿ ಮೂರರಲ್ಲಿ ಒಬ್ಬರು. ಆಸೆ ಇಬ್ಬರಿಗೂ ಇತ್ತು. ಹೊತ್ತು, ಜಾಗ ಗೊತ್ತು ಮಾಡಿಕೊಂಡವರು ಗೆದ್ದರು. ನಿಮ್ಮ ಮಟ್ಟಿಗೆ ಇದು ಹೀಗೆ: "3ನೇ ತಾರೀಖು, ಚಹಾ ಕುಡಿದು ಲೋಟ ಇಟ್ಟ ತಕ್ಷಣ, ಆಫೀಸಿನ ಹೊರಗಿನ ಮೆಟ್ಟಿಲ ಹತ್ತಿರ ನಿಂತು, ಹಾರ್ಡ್‌ವೇರ್ ಅಂಗಡಿಗೆ ಫೋನ್." ನಿಲ್ ರಿಟರ್ನ್ ಅದಾದ ಮೇಲೆ. ಮೆಟ್ಟಿಲು ಯಾಕೆ ಅಂದರೆ, ಕಂಪ್ಯೂಟರ್ ಮುಂದೆ ಕೂತಿದ್ದರೆ ತಪ್ಪಿಸಿಕೊಳ್ಳಲು ಬೇರೆ ಕೆಲಸ ಕಣ್ಣೆದುರೇ ಇರುತ್ತದೆ.

ಮಾತಾಡುವಾಗ ಬೇಡಿಕೊಳ್ಳುವ ದನಿ ಬೇಡ. "ಅಣ್ಣಾರ, 8ರೊಳಗೆ ಸೇಲ್ಸ್ ಬಿಲ್ ಕೊಟ್ರ 11ಕ್ಕೆ ಹಾಕ್ತೀನಿ. ಇಲ್ಲಾಂದ್ರ ನಿಮ್ಮ ಕಂಟ್ರಾಕ್ಟರ್‌ಗಳಿಗೆ ಈ ತಿಂಗಳು ಕ್ರೆಡಿಟ್ ಬರಂಗಿಲ್ಲ, ಅವರು ನಿಮಗ ಫೋನ್ ಮಾಡ್ತಾರ." ಇಷ್ಟೇ. ಅವರ ಅಂಗಡಿಗೆ ಆಗುವ ನಷ್ಟವನ್ನು ಅವರ ಮಾತಿನಲ್ಲೇ ಹೇಳಿ. ಮೂರು ತಿಂಗಳು ಇದೇ ತಾರೀಖಿಗೆ ಇದೇ ಮಾತು ಹೇಳಿದರೆ ನಾಲ್ಕನೇ ತಿಂಗಳು ಅವರೇ ಹುಡುಗನ ಕೈಲಿ ಬಿಲ್ ಕಳಿಸುತ್ತಾರೆ, ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನು ಹೊತ್ತಿನ ಅಂದಾಜು. ಒಂದು 3ಬಿಗೆ ನೀವು ಎಷ್ಟು ಹೊತ್ತು ಅಂತ ಇಟ್ಟುಕೊಳ್ಳುತ್ತೀರಿ? ಅರ್ಧ ಗಂಟೆ? ಟೈಪ್ ಮಾಡಲು ಅಷ್ಟು ಸಾಕು. ಆದರೆ 2ಬಿ ಇಳಿಸಿಕೊಂಡು ಟ್ಯಾಲಿಯಲ್ಲಿರುವ ಖರೀದಿಗೆ ತಾಳೆ ನೋಡಬೇಕು, ಹೊಂದದ ಬಿಲ್ಲು ಹುಡುಕಬೇಕು, ಕಟ್ಟಬೇಕಾದ ಮೊತ್ತ ಪಾರ್ಟಿಗೆ ತಿಳಿಸಬೇಕು, ಅವರು "ಇಷ್ಟ್ಯಾಕೆ ಬಂತು" ಅಂತ ಕೇಳಿ ಒಪ್ಪಬೇಕು, ಚಲನ್ ತೆಗೆಯಬೇಕು, ಅವರು ದುಡ್ಡು ಕಟ್ಟಬೇಕು, ಕೊನೆಗೆ ಒಟಿಪಿ. ಆ ಒಟಿಪಿ ಹೋಗುವುದು ಅವರ ಮೊಬೈಲಿಗೆ. ಅವರು ಮದುವೆ ಮನೆಯಲ್ಲಿದ್ದರೆ ಫೋನ್ ಎತ್ತುವುದಿಲ್ಲ, ಎತ್ತುವ ಹೊತ್ತಿಗೆ ಒಟಿಪಿಯ ಅವಧಿ ಮುಗಿದು ಮತ್ತೆ ಕಳಿಸಬೇಕು, ಅಷ್ಟರಲ್ಲಿ 20ರ ಸಂಜೆ ಪೋರ್ಟಲ್ ಸುಮ್ನೆ ಸುತ್ತುತ್ತಾ ನಿಂತಿರುತ್ತದೆ. ಕೈಯಿಂದ ಮಾಡುವ ಕೆಲಸ 40 ನಿಮಿಷ. ಕಾಯುವ ಕೆಲಸ ಮೂರು ದಿನ. ನೀವು ಲೆಕ್ಕಕ್ಕೆ ಹಿಡಿಯುತ್ತಿರುವುದು 40 ನಿಮಿಷವನ್ನು ಮಾತ್ರ.

ಬಸ್ಸಿನದ್ದೂ ಇದೇ ಕಥೆ, ನೀವೇ ಬರೆದಿದ್ದೀರಿ, "ಬರೀ 45 ನಿಮಿಷ" ಅಂತ. ಬಾಗಿಲು ಹಾಕಿ ನಿಲ್ದಾಣಕ್ಕೆ ನಡೆಯಲು 12 ನಿಮಿಷ ಅನ್ನೋಣ. ಟಿಕೆಟ್ ತೆಗೆದು ಬಸ್ಸಿಗೆ ಕಾಯುವುದು 8. ಬಸ್ಸು 45. ಇಳಿದು ಆಫೀಸಿಗೆ ನಡೆಯುವುದು 10. ಒಟ್ಟು 75. ಮನೆ ಬಿಡುವುದು 9.05ಕ್ಕಾದರೆ 10.20ಕ್ಕೆ ಆಫೀಸು, ಸರಿಯಾಗಿ ದಿನಾ ನೀವು ತಲುಪುವ ಹೊತ್ತಿಗೇ. ಬಸ್ಸಿನ ತಪ್ಪೂ ಇಲ್ಲ, ನಿಮ್ಮ ಸೋಮಾರಿತನವೂ ಇಲ್ಲ. ನಿಮ್ಮ ಲೆಕ್ಕದಲ್ಲಿ 30 ನಿಮಿಷ ಬಿಟ್ಟುಹೋಗಿದೆ. ನನ್ನ ಅಂಕಿಗಳನ್ನು ನಂಬಬೇಡಿ, ನಾಲ್ಕು ದಿನ ಗಡಿಯಾರ ನೋಡಿ ನೀವೇ ಬರೆದುಕೊಳ್ಳಿ. ಬಂದ ಒಟ್ಟು ನಿಮಿಷಕ್ಕೆ 10 ಸೇರಿಸಿ ಆ ಹೊತ್ತಿಗೆ ಮನೆ ಬಿಡಿ.

ಇದು ನಿಮ್ಮೊಬ್ಬರ ದೋಷ ಅಂದುಕೊಳ್ಳಬೇಡಿ. ಕೆಲಸಕ್ಕೆ ಬೇಕಾದ ಹೊತ್ತನ್ನು ಕಡಿಮೆ ಅಂದಾಜು ಮಾಡುವ ಈ ಗುಣವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್‌ಸ್ಕಿ 1979ರಲ್ಲೇ ಗುರುತಿಸಿದ್ದರು. ಕೆನಡಾದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊನೇ ವರ್ಷದ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನಕ್ಕೆ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟಾಗಬಹುದು ಅಂತಲೂ ಕೇಳಿದರು. 49 ದಿನ ಅಂದರು. ನಿಜವಾಗಿ ಹಿಡಿದದ್ದು 55 ದಿನದ ಮೇಲೆ. ಎಲ್ಲವೂ ಕೆಟ್ಟರೆ ಅನ್ನುವ ಅಂದಾಜೂ ಸಾಲದೇ ಹೋಯಿತು ನೋಡಿ! ನನಗೆ ಇದರಲ್ಲಿ ಕಂಡ ಪಾಠ ಒಂದೇ. ಅಂದಾಜು ಮಾಡಲು ಕಣ್ಣು ಮುಚ್ಚಿ ಮುಂದಕ್ಕೆ ನೋಡಬಾರದು, ತಿರುಗಿ ಹಿಂದಕ್ಕೆ ನೋಡಬೇಕು. ಕಳೆದ ಆರು ತಿಂಗಳು ಆ ಪಾರ್ಟಿಯ ಬಿಲ್ ಯಾವತ್ತು ಬಂತು, 3ಬಿ ಯಾವತ್ತು ಹೋಯಿತು? ಫೈಲ್ ಆದ ದಿನ ಪೋರ್ಟಲ್‌ನಲ್ಲೇ ಇದೆ, ಬಿಲ್ ಬಂದ ದಿನ ನಿಮ್ಮ ವಾಟ್ಸಾಪ್‌ನಲ್ಲಿದೆ. ಒಂದು ಸಂಜೆ ಕೂತು 26 ಜನರದ್ದೂ ಬರೆದುಕೊಳ್ಳಿ. ತೊಂದರೆ ಕೊಡುವವರು 26 ಜನ ಅಲ್ಲ, ಐದೋ ಆರೋ ಜನ, ಪ್ರತಿ ತಿಂಗಳೂ ಅವರೇ ಅಂತ ನಿಮಗೇ ಕಾಣುತ್ತದೆ. ಆ ಐದಾರು ಜನರ ಕೆಲಸ ಎಲ್ಲರಿಗಿಂತ ಮೊದಲು ಶುರುವಾಗಬೇಕು. ಈಗ ನೀವು ಮಾಡುತ್ತಿರುವುದು ಉಲ್ಟಾ, ಸುಲಭದವರನ್ನು ಮೊದಲು ಮುಗಿಸಿ ಕಷ್ಟದವರನ್ನು 19ಕ್ಕೆ ಇಟ್ಟುಕೊಳ್ಳುತ್ತೀರಿ.

ಇನ್ನೊಂದು ಮಾತು, ಒಂದೆರಡು ಖರೀದಿ ಬಿಲ್ ಬರಲಿಲ್ಲ ಅಂತ ಇಡೀ ರಿಟರ್ನ್ ನಿಲ್ಲಿಸಿಕೊಂಡು ಕೂರಬೇಡಿ. ಎಲ್ಲ ಸರಿಹೋದ ಮೇಲೆ ಹಾಕೋಣ ಅನ್ನುವ ಹುಡುಗರು ನನ್ನ ಆಫೀಸಿನಲ್ಲೂ ಇದ್ದಾರೆ, ಒಳ್ಳೆಯ ಕೆಲಸಗಾರರೇ, ಆದರೆ ಅವರದ್ದೇ ಲೇಟು. ಆ ಕ್ರೆಡಿಟ್ ಮುಂದಿನ ತಿಂಗಳು ತೆಗೆದುಕೊಳ್ಳಬಹುದು, ಆರ್ಥಿಕ ವರ್ಷ ಮುಗಿದ ಮೇಲೂ ನವೆಂಬರ್ 30ರವರೆಗೆ ದಾರಿ ಇದೆ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿಬಿಟ್ಟಿದ್ದರೆ ಮಾತ್ರ ಇಲ್ಲ. ಹಾಕುವುದೋ ಕಾಯುವುದೋ ಅನ್ನುವ ತೀರ್ಮಾನ ನಿಮ್ಮದಲ್ಲ, ಸರ್‌ದು. ಅವರ ಮುಂದೆ 17ಕ್ಕೇ ಇಟ್ಟರೆ ಅರ್ಧ ನಿಮಿಷದಲ್ಲಿ ಹೇಳುತ್ತಾರೆ.

ಆ "ಮುಂದೆ ಇಡುವುದು" ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಾನು ಆರ್ಟಿಕಲ್‌ಶಿಪ್ (ಸಿ.ಎ. ಓದುವಾಗಿನ ತರಬೇತಿ) ಮಾಡುವಾಗ ಒಂದು ಬ್ಯಾಂಕ್ ಬ್ರಾಂಚ್ ಆಡಿಟ್‌ಗೆ ಹೋಗಿದ್ದೆ. ಏಪ್ರಿಲ್ ಮೊದಲ ವಾರ, ಕಡು ಬಿಸಿಲು. ಹನ್ನೊಂದು ಸಾಲದ ಫೈಲುಗಳು ನನ್ನ ಪಾಲಿಗಿದ್ದವು. ಅದರಲ್ಲಿ ಒಂದು ನನಗೆ ಅರ್ಥವಾಗಲೇ ಇಲ್ಲ. ಕೇಳಿದರೆ ದಡ್ಡಿ ಅಂದುಕೊಳ್ಳುತ್ತಾರೆ ಅನ್ನಿಸಿ ಅದನ್ನು ಅಡಿಯಲ್ಲಿಟ್ಟು ಉಳಿದ ಹತ್ತನ್ನು ಮುಗಿಸಿದೆ. ಸಹಿ ಮಾಡಲು ಪ್ರಿನ್ಸಿಪಾಲ್, ಅಂದರೆ ನಾನು ಯಾರ ಕೈಕೆಳಗೆ ಕಲಿಯುತ್ತಿದ್ದೆನೋ ಆ ಆಡಿಟರ್, ಬಂದರು. ಒಂದೊಂದೇ ಹಾಳೆ ತಿರುಗಿಸಿದರು. ಹನ್ನೊಂದನೆಯದು ಖಾಲಿ. ನಾನು ನೆಲ ನೋಡುತ್ತಾ ನಿಂತಿದ್ದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೂರು ದಿನದ ಹಿಂದೆ ಹೇಳಿದ್ದರೆ ಇನ್ನೊಬ್ಬನ್ನ ಕಳಿಸ್ತಿದ್ದೆನಲ್ಲಮ್ಮ" ಅಂದರು. ಅವತ್ತು ರಾತ್ರಿ ಒಂಬತ್ತೂವರೆವರೆಗೆ ಅವರೇ ನನ್ನ ಪಕ್ಕ ಕೂತು ಆ ಫೈಲು ಮುಗಿಸಿದರು. ಬ್ಯಾಂಕಿನ ಮ್ಯಾನೇಜರ್ ಬೀಗದ ಕೈ ಹಿಡಿದುಕೊಂಡು ಹೊರಗೆ ಕಾಯುತ್ತಿದ್ದರು. ನನ್ನ ಬಾಯಿಂದ ಬರದ ಒಂದು ಮಾತಿಗೆ ಅಷ್ಟು ಜನ ಕಾದರು.

ಅದಕ್ಕೆ ನಿಮಗೆ ಹೇಳುತ್ತಿರುವುದು. ಪ್ರತಿ ತಿಂಗಳು 15ಕ್ಕೆ ಒಮ್ಮೆ, 18ಕ್ಕೆ ಒಮ್ಮೆ, ಸರ್ ಕೇಳುವ ಮೊದಲೇ ನೀವೇ ಅವರ ಕೋಣೆಗೆ ಹೋಗಿ. ಎರಡೇ ನಿಮಿಷ. "ಸರ್, 26ರಲ್ಲಿ 19 ರೆಡಿ ಅದಾವ್ರೀ. ನಾಲ್ಕಕ್ಕೆ ಒಟಿಪಿ ಬಾಕಿ. ಮೂರು ಪಾರ್ಟಿ ಬಿಲ್ ಕೊಟ್ಟಿಲ್ಲ. ಎರಡು ನಾನು ತರಿಸ್ತೀನ್ರಿ, ಹಾರ್ಡ್‌ವೇರ್‌ನವರಿಗೆ ನೀವೊಂದು ಮಾತು ಹೇಳ್ರಿ." ಕ್ಷಮೆ ಕೇಳುವುದು ಬೇಡ, ಕಾರಣ ವಿವರಿಸುವುದೂ ಬೇಡ. ಎಷ್ಟಾಯಿತು, ಎಷ್ಟು ಬಾಕಿ, ಅವರಿಂದ ಏನು ಬೇಕು, ಅಷ್ಟೇ. ಸೀನಿಯರ್ ಆಡಿಟರ್ ಒಂದು ಫೋನ್ ಮಾಡಿದರೆ ಬರುವ ಬಿಲ್ಲಿಗೆ ನೀವು ಎಂಟು ಸಲ ಯಾಕೆ ಬೇಡಬೇಕು?

ಮೊದಲ ಸಲ ಅವರು ರೇಗಬಹುದು. ರೇಗಲಿ. 18ಕ್ಕೆ ರೇಗಿದರೆ ಕೈಯಲ್ಲಿ ಎರಡು ದಿನ ಇರುತ್ತದೆ.

ತಪ್ಪೆಲ್ಲ ನಿಮ್ಮ ಮೇಲೇ ಹೊರಿಸುತ್ತಿಲ್ಲ. ನಮ್ಮ ಕಸುಬಿಗೇ ಒಂದು ರೋಗವಿದೆ, "ಡೇಟ್ ಎಕ್ಸ್‌ಟೆಂಡ್ ಆಗುತ್ತೆ ಬಿಡಿ" ಅನ್ನುವ ರೋಗ. 2025ರಲ್ಲಿ ಆದಾಯ ತೆರಿಗೆ ರಿಟರ್ನ್‌ನ ಜುಲೈ 31 ಸೆಪ್ಟೆಂಬರ್ 15 ಆಯಿತು, ಕೊನೇ ಗಳಿಗೆಯಲ್ಲಿ 16 ಆಯಿತು. ಕಾರಣಗಳಿದ್ದವು, ಒಪ್ಪುತ್ತೇನೆ. ಆದರೆ ಪ್ರತಿ ಸಲ ಹೀಗಾದಾಗ ಮೊದಲೇ ಮುಗಿಸಿದವರಿಗೆ ಸುಮ್ಮನೆ ಒದ್ದಾಡಿದೆವು ಅನ್ನಿಸುತ್ತದೆ, ಮಲಗಿದ್ದವರಿಗೆ ಮಲಗಿದ್ದೇ ಸರಿ ಅನ್ನಿಸುತ್ತದೆ. ನಿಮ್ಮ ಪಾರ್ಟಿಗಳೂ ಇದನ್ನೇ ಕಲಿತಿದ್ದಾರೆ. ನಿಮ್ಮ ಸರ್ ಕೂಡ ಒಂದು ಕೆಲಸ ಮಾಡಬೇಕು. ಬಿಲ್ ಕೊಡಲು ಆಫೀಸಿನಿಂದಲೇ ಒಂದು ತಾರೀಖು ಗೊತ್ತು ಮಾಡಿ, ಅದು ದಾಟಿ ಕೊಟ್ಟವರಿಗೆ ಫೀಸ್ ಜಾಸ್ತಿ ಅಂತ ಅವರೇ ಹೇಳಬೇಕು. ವರ್ಷಕ್ಕೆ 5 ಕೋಟಿಯೊಳಗಿನ ವ್ಯಾಪಾರದವರಲ್ಲಿ ಇನ್ನೂ ಯಾರನ್ನು ಮೂರು ತಿಂಗಳ ರಿಟರ್ನ್‌ಗೆ ಬದಲಾಯಿಸಬಹುದು ಅಂತಲೂ ಅವರ ಜೊತೆ ಕೂತು ನೋಡಿ. ಮೊದಲೆರಡು ತಿಂಗಳು 25ರೊಳಗೆ ತೆರಿಗೆ ಕಟ್ಟಲೇಬೇಕು ನಿಜ, ಆದರೂ 20ರ ನೂಕುನುಗ್ಗಲು ಕಡಿಮೆಯಾಗುತ್ತದೆ. ಬಾಯಿಂದ ಬಯ್ಯುವುದಕ್ಕಿಂತ ಇದು ಅವರ ಆಫೀಸಿಗೇ ಒಳ್ಳೆಯದು, ಈ ಪತ್ರ ಅವರ ಕಣ್ಣಿಗೆ ಬಿದ್ದರೂ ನಾನು ಇದನ್ನೇ ಹೇಳುತ್ತೇನೆ.

ಕೊನೆಯದಾಗಿ ಒಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಎರಡು ವಾರ ಸರಿ ಇರುತ್ತೇನೆ, ಆಮೇಲೆ ಮತ್ತೆ ಅದೇ" ಅಂದಿದ್ದೀರಿ. ಸಣ್ಣವರಿದ್ದಾಗಿನಿಂದಲೂ ಹೀಗೇನಾ? ಶಾಲೆಯಲ್ಲೂ ನೋಟ್ಸು ಮರೆಯುವುದು, ಶುರು ಮಾಡಿದ್ದನ್ನು ಬಿಡುವುದು, ಹೊತ್ತು ಹೋಗಿದ್ದೇ ಗೊತ್ತಾಗದಿರುವುದು ಇತ್ತಾ? ಹಾಗಿದ್ದರೆ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇರಬಹುದಾ ಅಂತ ಡಾಕ್ಟರ ಹತ್ತಿರ ಕೇಳಬೇಕು. ಅದು ಮಕ್ಕಳಿಗಷ್ಟೇ ಇರುವುದಲ್ಲ, ಚಿಕಿತ್ಸೆ ಇದೆ. ಅಥವಾ ಈ ಒಂದೆರಡು ವರ್ಷದಿಂದ ಶುರುವಾದದ್ದಾ? ಬೆಳಿಗ್ಗೆ ಏಳುವುದೇ ಭಾರ, ಯಾವುದೂ ಬೇಡ ಅನ್ನಿಸುತ್ತಾ? ಥೈರಾಯ್ಡ್ ಇದ್ದರೂ, ಖಿನ್ನತೆ ಇದ್ದರೂ, ನಿದ್ದೆ ಸರಿ ಇಲ್ಲದಿದ್ದರೂ ಹೀಗಾಗುತ್ತದೆ. ನಾನು ಲೆಕ್ಕದವಳು, ರೋಗ ಹೇಳುವುದು ನನ್ನ ಕೆಲಸವಲ್ಲ. ನಿಮ್ಮೂರಲ್ಲೇ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಆಸ್ಪತ್ರೆ. ಮೊದಲು ಫೋನಿನಲ್ಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗೆ ಹೋದವರನ್ನು ಹುಚ್ಚರು ಅನ್ನುವ ಕಾಲ ಹೋಗಿದೆ, ಹೋಗಿಲ್ಲದಿದ್ದರೂ ನೀವು ಹೋಗಿ ಬನ್ನಿ. ಐದು ವರ್ಷ ಸೋಮಾರಿ ಅನ್ನಿಸಿಕೊಂಡು ಬದುಕುವುದಕ್ಕಿಂತ ಒಂದು ಬೆಳಿಗ್ಗೆ ಅಲ್ಲಿ ಚೀಟಿ ಹಿಡಿದು ಕೂರುವುದು ಎಷ್ಟೋ ಹಗುರ.

ಈ ತಿಂಗಳು ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ, ಎರಡು ವಾರಕ್ಕೆ ಸುಸ್ತಾಗುತ್ತೀರಿ. ಎರಡೇ ಸಾಕು. 3ಕ್ಕೆ ಮೆಟ್ಟಿಲ ಹತ್ತಿರ ನಿಂತು ಆ ಫೋನ್, 15ಕ್ಕೆ ಸರ್ ಕೋಣೆಯಲ್ಲಿ ಎರಡು ನಿಮಿಷ. ಬಸ್ಸಿನ ಅರ್ಧ ಗಂಟೆ ಮುಂದಿನ ತಿಂಗಳು ನೋಡೋಣ. 21ನೇ ತಾರೀಖು ಏನಾಯಿತು ಅಂತ ನನಗೆ ಬರೆಯಿರಿ. ಹಾರ್ಡ್‌ವೇರ್‌ನವರು ಏನಂದರು ಅಂತಲೂ ಬರೆಯಿರಿ.